ಹೊರದೇಶದ ಅಂಗಡಿಗೆ ಹಣ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನಾನು ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಸರಳು ಕಡೆದು ಶಾಯಿ ಪೆನ್ನು ಮಾಡುತ್ತೇನೆ. ಪೆನ್ನಿನ ಮೈ, ಕ್ಯಾಪು, ಕ್ಲಿಪ್ಪು ಎಲ್ಲ ಇಲ್ಲಿಯವೇ. ನಿಬ್ಬು ಮಾತ್ರ ಹೆಚ್ಚಾಗಿ ಜರ್ಮನಿಯಿಂದ ಬರುತ್ತದೆ, ಕೆಲವು ಜಪಾನಿನಿಂದ, ಪೆಟ್ಟಿಗೆ ಮತ್ತು ಶಾಯಿ ತುಂಬುವ ಕನ್ವರ್ಟರು ಚೀನಾದಿಂದ. ಹೀಗಾಗಿ ಹೊರದೇಶದವರಿಗೆ ಹಣ ಕಟ್ಟುವ ಕೆಲಸ ನನಗೆ ವರ್ಷವಿಡೀ ಇರುತ್ತದೆ. ಹಳೆಯ ಪುಸ್ತಕ ತರಿಸುವವರು, ಪಿಟೀಲಿನ ತಂತಿ ತರಿಸುವವರು, ಹೊಲಿಗೆ ಯಂತ್ರದ ಬಿಡಿಭಾಗ ಹುಡುಕುವವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ. ಅವನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ಜರ್ಮನಿಯ ಅಂಗಡಿಯವರು ಕಾರ್ಡು ಬೇಡ, ಬ್ಯಾಂಕಿಗೇ ಹಾಕಿ ಅಂತಾರೆ. ಇದು ಮೋಸವಾ?

ಅಷ್ಟರಿಂದಲೇ ಮೋಸ ಅನ್ನಲಾಗದು. ನಮ್ಮಲ್ಲಿ ಗುರುತಿಲ್ಲದವರು ‘ಮೊದಲು ಅಕೌಂಟಿಗೆ ಹಾಕಿ’ ಅಂದರೆ ಎದೆ ಧಸಕ್ ಅನ್ನುತ್ತದೆ. ಜರ್ಮನಿಯಲ್ಲಿ ಅದು ತಲೆಮಾರುಗಳಿಂದ ನಡೆದುಬಂದ ರೀತಿ. ಅಲ್ಲಿಯವರಿಗೆ ಕ್ರೆಡಿಟ್ ಕಾರ್ಡಿನ ಮೇಲೆ ಅಷ್ಟು ಒಲವಿಲ್ಲ. ಕೈಯಲ್ಲಿ ನೋಟು ಎಣಿಸಿ ಕೊಡುವುದು ಇಂದಿಗೂ ಬಲವಾಗಿದೆ; ಅಲ್ಲಿನ ಕೇಂದ್ರ ಬ್ಯಾಂಕು 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲೂ ವಹಿವಾಟುಗಳ ಅರ್ಧದಷ್ಟು ನಗದಿನಲ್ಲೇ ಆಗಿದ್ದವು. ದೂರದ ವ್ಯಾಪಾರವಾದರೆ ಬಿಲ್ಲಿನ ಮೇಲೆ ಖಾತೆ ಸಂಖ್ಯೆ ಅಚ್ಚಾಗಿರುತ್ತದೆ, ಕೊಂಡವರು ತಮ್ಮ ಬ್ಯಾಂಕಿನಿಂದ ಕಟ್ಟುತ್ತಾರೆ.

ಅದಕ್ಕಿಂತ ನಮಗೆ ಅಚ್ಚರಿ ತರುವ ಇನ್ನೊಂದು ಪದ್ಧತಿ ಅಲ್ಲಿದೆ: ಸಾಮಾನು ಮೊದಲು, ಹಣ ಆಮೇಲೆ. ಒಬ್ಬ ಮಾರಾಟಗಾರರಿಂದ ನಾನು ನಾಲ್ಕನೇ ಸಲ ನಿಬ್ಬು ಕೇಳಿದ್ದೆ. ಹಣ ಎಷ್ಟು ಅಂತ ಬರೆದ ನನ್ನ ಪತ್ರಕ್ಕೆ ಉತ್ತರವೇ ಬರಲಿಲ್ಲ. ಹದಿನೆಂಟನೇ ದಿನ ಪೆಟ್ಟಿಗೆಯೇ ಬಂತು. ಒಳಗೆ ಇಪ್ಪತ್ತೈದು ನಿಬ್ಬು, ಒಂದೊಂದೂ ಪುಟ್ಟ ಪ್ಲಾಸ್ಟಿಕ್ ಗುಳಿಯಲ್ಲಿ ಕೂತಿತ್ತು. ಅವುಗಳ ಮೇಲೆ ಮೂರು ಮಡಿಕೆಯ ಒಂದು ಕಾಗದ: ಬಿಲ್ಲು, ಕೆಳಗೆ ಐಬ್ಯಾನ್ ಎಂಬ ಅಂತರರಾಷ್ಟ್ರೀಯ ಖಾತೆ ಸಂಖ್ಯೆ, ‘14 ದಿನದೊಳಗೆ’ ಎಂಬ ಸಾಲು, ನೀಲಿ ಮಸಿಯಲ್ಲಿ ಸಹಿ. ನಾನು ಒಂದು ಪೈಸೆಯೂ ಕೊಟ್ಟಿರಲಿಲ್ಲ. ಆವತ್ತು ಕೆಲಸ ನಿಲ್ಲಿಸಿ ಬ್ಯಾಂಕಿಗೆ ಹೋದೆ. ಅಷ್ಟು ದೂರದಿಂದ ನಂಬಿದವರನ್ನು ಒಂದು ದಿನವೂ ಕಾಯಿಸಬಾರದು ಅನ್ನಿಸಿತು.

ಹೊಸ ಗಿರಾಕಿಗೆ ಈ ಸೌಲಭ್ಯ ಸಿಗುವುದಿಲ್ಲ. ಮೊದಲ ಸಲ ಮುಂಗಡ ಕೇಳುತ್ತಾರೆ, ಅದು ಸಹಜ. ಮೊದಲ ಆರ್ಡರು ಚಿಕ್ಕದಿರಲಿ.

ರೂಢಿ ಯಾವುದು, ಮೋಸ ಯಾವುದು ಅಂತ ಹೇಗೆ ತಿಳಿಯೋದು?

ನಾನು ಎರಡೇ ಪ್ರಶ್ನೆ ಹಾಕಿಕೊಳ್ಳುತ್ತೇನೆ. ಆ ದೇಶದವರು ತಮ್ಮತಮ್ಮಲ್ಲೂ ಹೀಗೇ ಹಣ ಕೊಡುತ್ತಾರಾ? ವ್ಯವಹಾರ ಕೆಟ್ಟರೆ ನನ್ನ ಹಣ ವಾಪಸ್ ತರಿಸಲು ನಡುವೆ ಯಾರಿದ್ದಾರೆ? ಎರಡೂ ಬೇರೆ ಬೇರೆ ಪ್ರಶ್ನೆ. ಜರ್ಮನಿಯ ಬ್ಯಾಂಕ್ ವರ್ಗಾವಣೆ ಮೊದಲನೆಯದರಲ್ಲಿ ಪಾಸಾಗುತ್ತದೆ, ಎರಡನೆಯದರಲ್ಲಿ ಆಗುವುದಿಲ್ಲ. ಹೋದ ಹಣ ಹೋದಂತೆಯೇ. ಆದ್ದರಿಂದ ಅಂಗಡಿ ಸಾಚಾ ಆಗಿದ್ದರೂ ಪರಿಚಯವಾಗುವ ತನಕ ದೊಡ್ಡ ಮೊತ್ತ ಹಾಗೆ ಕಳಿಸಬೇಡಿ.

ಕೆಲವು ಬೇಡಿಕೆಗಳು ಯಾವ ದೇಶದ ರೂಢಿಯೂ ಅಲ್ಲ. ಗಿಫ್ಟ್ ಕಾರ್ಡಿನ ನಂಬರು ಕಳಿಸಿ ಅನ್ನುವುದು, ಕ್ರಿಪ್ಟೊದಲ್ಲಿ ಕೊಡಿ ಅನ್ನುವುದು, ಇಟಲಿಯ ಅಂಗಡಿಗೆ ಇನ್ನೊಂದು ದೇಶದಲ್ಲಿ ಬೇರೆ ಯಾರದೋ ಹೆಸರಿನ ಖಾತೆ ಕೊಡುವುದು. ಇಂಥ ಕಡೆ ಮಾತು ಮುಂದುವರಿಸುವುದೇ ಬೇಡ.

ಎಲ್ಲಕ್ಕಿಂತ ಅಪಾಯದ್ದು, ವರ್ಷಗಟ್ಟಲೆ ವ್ಯವಹಾರವಿದ್ದ ಮಾರಾಟಗಾರರ ಹೆಸರಲ್ಲೇ ಬರುವ ಇ-ಮೇಲು: ‘ನಮ್ಮ ಬ್ಯಾಂಕು ಬದಲಾಗಿದೆ, ಈ ಸಲದ ಹಣ ಈ ಹೊಸ ಖಾತೆಗೆ ಹಾಕಿ.’ ಯಾರೋ ಕಳ್ಳರು ಅವರ ಇ-ಮೇಲ್ ಖಾತೆಗೆ ನುಗ್ಗಿ ಕೂತಿರುತ್ತಾರೆ. ನಿಮ್ಮ ಆರ್ಡರಿನ ನಂಬರು, ಮೊತ್ತ, ಮಾತಿನ ಧಾಟಿ ಎಲ್ಲ ಸರಿಯಾಗೇ ಇರುತ್ತದೆ. ಅದೇ ಮೇಲಿಗೆ ಉತ್ತರ ಬರೆದು ‘ಹೌದೇ?’ ಅಂತ ಕೇಳಿದರೆ ಉತ್ತರ ಕೊಡುವವರೂ ಆ ಕಳ್ಳರೇ. ಹಳೆಯ ಬಿಲ್ಲಿನಲ್ಲಿರುವ ಫೋನಿಗೆ ಕರೆ ಮಾಡಿ, ಬಾಯಲ್ಲಿ ಕೇಳಿಕೊಳ್ಳಿ. ನಾವು ಇಲ್ಲಿಂದ ಕಳಿಸುವ ಹಣ ಎಷ್ಟೋ ಸಲ ಖಾತೆಯ ಹೆಸರು ನೋಡದೆ, ಸಂಖ್ಯೆ ಸರಿಯಿದ್ದರೆ ಸಾಕು ಅಂತ ಜಮಾ ಆಗುತ್ತದೆ ಎಂಬುದನ್ನು ಮರೆಯಬೇಡಿ.

ಬ್ಯಾಂಕಿಗೆ ಹೋಗಿ ಏನಂತ ಕೇಳಬೇಕು?

‘ಫಾರಿನ್ ಔಟ್‌ವರ್ಡ್ ರೆಮಿಟೆನ್ಸ್ ಇಲ್ಲಿ ಮಾಡ್ತೀರಾ?’ ಅಂತ ಕೇಳಿ, ಅಂದರೆ ಹೊರದೇಶಕ್ಕೆ ಹಣ ಕಳಿಸುವ ಕೆಲಸ. ಎಲ್ಲ ಶಾಖೆಗಳಲ್ಲೂ ಆ ಕೆಲಸ ಇರುವುದಿಲ್ಲ. ಊರಿನ ಮುಖ್ಯ ಶಾಖೆಗೆ ಕಳಿಸಬಹುದು. ಪ್ಯಾನ್ ಕಾರ್ಡು ಮತ್ತು ಮಾರಾಟಗಾರರ ಇನ್ವಾಯ್ಸು ಜೊತೆಗಿರಲಿ. ಇನ್ನೂ ಇನ್ವಾಯ್ಸು ಆಗಿಲ್ಲ ಅಂದರೆ ಪ್ರೊಫಾರ್ಮಾ ಇನ್ವಾಯ್ಸು, ಅಂದರೆ ಮಾಲು ಕಳಿಸುವ ಮೊದಲು ಕೊಡುವ ಕರಡು ಬಿಲ್ಲು, ವ್ಯಾಪಾರಿಗಳ ಬಾಯಲ್ಲಿ ‘ಪಿಐ’, ಸಾಕಾಗುತ್ತದೆ. ಬ್ಯಾಂಕಿನ ಅರ್ಜಿ ತುಂಬಿಸುತ್ತಾರೆ. ಅದರಲ್ಲಿ ಹಣ ಯಾಕೆ ಹೋಗುತ್ತಿದೆ ಎಂಬುದಕ್ಕೆ ಒಂದು ಪರ್ಪಸ್ ಕೋಡ್ ಹಾಕಬೇಕು. ಸಾಮಾನು ಬರುವ ಮೊದಲೇ ಕೊಡುವ ಮುಂಗಡಕ್ಕೆ ಎಸ್0101, ಇನ್ವಾಯ್ಸಿನ ಹಣಕ್ಕೆ ಎಸ್0102. ಇದನ್ನು ಕೌಂಟರಿನವರ ಮೇಲೆ ಬಿಡಬೇಡಿ. ತಪ್ಪು ಕೋಡ್ ಬಿದ್ದರೆ ಮುಂದೆ ಕಾಗದ ತಾಳೆಯಾಗದೆ ನೀವೇ ಅಲೆಯಬೇಕು.

ನಮ್ಮ ಐಎಫ್‌ಎಸ್‌ಸಿ ಕೋಡಿಗೂ ಸ್ವಿಫ್ಟ್ ಕೋಡಿಗೂ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಐಎಫ್‌ಎಸ್‌ಸಿ ದೇಶದೊಳಗಿನದು, 11 ಅಕ್ಷರ, ಐದನೆಯದು ಸೊನ್ನೆ. ಸ್ವಿಫ್ಟ್ ಕೋಡು ದೇಶದಿಂದ ದೇಶಕ್ಕೆ ಕಳಿಸುವಾಗ ಬ್ಯಾಂಕನ್ನು ಗುರುತಿಸುವುದು, ಅದರಲ್ಲಿ 8 ಅಥವಾ 11 ಅಕ್ಷರ. ಯುರೋಪಿನ ಖಾತೆಗೆ ಇದರ ಜೊತೆ ಐಬ್ಯಾನ್ ಬೇಕು. ಜರ್ಮನಿಯ ಐಬ್ಯಾನ್ 22 ಅಕ್ಷರದ್ದು: ದೇಶದ ಎರಡು ಅಕ್ಷರ, ಎರಡು ತಪಾಸಣೆಯ ಅಂಕಿ, ಬ್ಯಾಂಕಿನ ಎಂಟು ಅಂಕಿ, ಖಾತೆಯ ಹತ್ತು ಅಂಕಿ. ತಪಾಸಣೆಯ ಅಂಕಿ ಇರುವುದರಿಂದ ಬರೆಯುವಾಗ ಒಂದು ಅಂಕಿ ತಪ್ಪಿದರೆ ಕಂಪ್ಯೂಟರೇ ಹಿಡಿಯುತ್ತದೆ. ಅಮೆರಿಕಕ್ಕೂ ಜಪಾನಿಗೂ ಐಬ್ಯಾನ್ ಇಲ್ಲ. ಅಮೆರಿಕದಲ್ಲಿ ಒಂಬತ್ತು ಅಂಕಿಯ ರೂಟಿಂಗ್ ನಂಬರು, ಜಪಾನಿನಲ್ಲಿ ಬ್ಯಾಂಕಿಗೆ ನಾಲ್ಕು, ಶಾಖೆಗೆ ಮೂರು, ಖಾತೆಗೆ ಏಳು ಅಂಕಿ. ಬ್ರಿಟನ್ನಿನಲ್ಲಿ ಐಬ್ಯಾನ್ ಇದ್ದರೂ ಅವರು ತಮ್ಮೊಳಗೆ ಹೇಳುವುದು ಆರು ಅಂಕಿಯ ಸಾರ್ಟ್ ಕೋಡ್. ನೀವು ಕೇಳಿದರೆ ಐಬ್ಯಾನ್ ಕೊಡುತ್ತಾರೆ, ಕೇಳಿ ತೆಗೆದುಕೊಳ್ಳಿ.

ನಾನು ಪೂರ್ತಿ ಹಣ ಕಳಿಸಿದ್ದೆ. ಅವರು ಕಮ್ಮಿ ಬಂತು ಅಂತಾರೆ. ಯಾರು ಸುಳ್ಳು ಹೇಳ್ತಿದ್ದಾರೆ?

ಇಬ್ಬರೂ ಹೇಳುತ್ತಿಲ್ಲ. ಹಣ ನಿಮ್ಮ ಬ್ಯಾಂಕಿನಿಂದ ನೇರವಾಗಿ ಅವರ ಬ್ಯಾಂಕಿಗೆ ಜಿಗಿಯುವುದಿಲ್ಲ. ನಡುವೆ ಒಂದೋ ಎರಡೋ ಬ್ಯಾಂಕು ಸಿಗುತ್ತವೆ, ಅವು ತಮ್ಮ ಕೂಲಿ ಹಿಡಿದುಕೊಂಡು ಉಳಿದದ್ದನ್ನು ಮುಂದೆ ತಳ್ಳುತ್ತವೆ. ಬ್ಯಾಂಕಿನ ಅರ್ಜಿಯಲ್ಲಿ ಚಾರ್ಜು ಯಾರು ಹೊರಬೇಕು ಅಂತ ಮೂರು ಚೌಕ ಇರುತ್ತವೆ: ‘ಅವರ್’ (OUR) ಅಂದರೆ ಎಲ್ಲ ಖರ್ಚೂ ಕಳಿಸುವವರದು, ‘ಶಾ’ (SHA) ಅಂದರೆ ಹಂಚಿಕೆ, ‘ಬೆನ್’ (BEN) ಅಂದರೆ ಪಡೆಯುವವರದು. ಏನೂ ಹೇಳದಿದ್ದರೆ ಸಾಮಾನ್ಯವಾಗಿ ‘ಶಾ’ ಬೀಳುತ್ತದೆ.

ನನಗೆ ಗೊತ್ತಿಲ್ಲದ ಕಾಲದಲ್ಲಿ ಹೀಗೇ ಆಗಿ 11 ಯುರೋ ಕಡಿಮೆ ತಲುಪಿತು. ಆ ಮಾರಾಟಗಾರರು ಕೋಪದ ಮಾತು ಆಡಲಿಲ್ಲ. ಆದರೆ ಬಿಲ್ಲು ಪೂರ್ತಿ ತೀರುವವರೆಗೆ ಸಾಮಾನನ್ನೂ ಕಳಿಸಲಿಲ್ಲ. ಅವರ ಲೆಕ್ಕದಲ್ಲಿ ಬಿಲ್ಲು ಅಂದರೆ ಬಿಲ್ಲು. ಚಿಲ್ಲರೆ ಬಿಡುವ ಅಭ್ಯಾಸ ಅಲ್ಲಿಲ್ಲ. ಹನ್ನೊಂದು ಯುರೋ ಕಳಿಸಲು ಮತ್ತೆ ಅದೇ ಬ್ಯಾಂಕ್ ಚಾರ್ಜು ಕಟ್ಟಬೇಕಾಯಿತು. ಅಂದಿನಿಂದ ‘ಅವರ್’ ಚೌಕಕ್ಕೇ ಗುರುತು ಹಾಕುತ್ತೇನೆ, ಖರ್ಚನ್ನು ಪೆನ್ನಿನ ಬೆಲೆಯಲ್ಲಿ ಮೊದಲೇ ಸೇರಿಸುತ್ತೇನೆ.

ಹೀಗೆ ಕಳಿಸುವುದಕ್ಕೆ ನನ್ನ ಬ್ಯಾಂಕಿನಲ್ಲಿ ಎಲ್ಲ ಸೇರಿ ಸಾವಿರ ರೂಪಾಯಿಗೂ ಮೇಲೆ ಹೋಗುತ್ತದೆ. ಎರಡು ಸಾವಿರದ ಪುಸ್ತಕಕ್ಕೆ ಈ ದಾರಿ ಹಿಡಿಯಬೇಡಿ.

ಕಾರ್ಡಲ್ಲಿ ಹಣ ಇದೆ, ಆದರೂ ‘ಡಿಕ್ಲೈನ್ಡ್’ ಅಂತ ಬರುತ್ತೆ. ಯಾಕೆ?

ಹತ್ತರಲ್ಲಿ ಎಂಟು ಸಲ ಕಾರಣ ಒಂದೇ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಮಾರ್ಚ್ 16ರಿಂದ ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ಹೊರದೇಶದ ಬಳಕೆ ಮುಚ್ಚಿಯೇ ಇರುತ್ತದೆ, ಬೇಕಾದವರು ತೆರೆದುಕೊಳ್ಳಬೇಕು. ಬ್ಯಾಂಕಿನ ಆ್ಯಪಿನಲ್ಲಿ ‘ಇಂಟರ್‌ನ್ಯಾಷನಲ್’ ಗುಂಡಿ ಹುಡುಕಿ, ತೆರೆಯಿರಿ, ಮಿತಿಯನ್ನು ಆ ಖರೀದಿಗೆ ಬೇಕಾದಷ್ಟೇ ಇಡಿ. ಕೆಲಸ ಮುಗಿದ ಕೂಡಲೇ ಮುಚ್ಚಿ.

ಮುಚ್ಚಿ ಅಂತ ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮಗೆ ಒಟಿಪಿ ಇಲ್ಲದೆ ಹಣ ಹೋಗುವುದಿಲ್ಲ ಎಂಬ ಧೈರ್ಯ ಅಭ್ಯಾಸವಾಗಿಬಿಟ್ಟಿದೆ. ಅದು ನಮ್ಮ ದೇಶದ ಶಿಸ್ತು. ಅಮೆರಿಕದ ಎಷ್ಟೋ ಅಂಗಡಿಗಳು ಒಟಿಪಿ ಕೇಳುವುದೇ ಇಲ್ಲ. ಕಾರ್ಡಿನ ಸಂಖ್ಯೆ, ಅವಧಿ, ಹಿಂದಿನ ಮೂರು ಅಂಕಿ ಸಿಕ್ಕರೆ ಸಾಕು. ಮೊದಲ ಸಲ ನೋಡಿದವರು ‘ನಾನು ಒಪ್ಪಿಗೆ ಕೊಡುವ ಮೊದಲೇ ದುಡ್ಡು ಹೋಯ್ತು’ ಅಂತ ಗಾಬರಿಯಾಗುತ್ತಾರೆ. ಯುರೋಪಿನಲ್ಲಿ ಹಾಗಲ್ಲ, ಅಲ್ಲಿ ಎರಡನೇ ಹಂತದ ದೃಢೀಕರಣ ಕಾನೂನಿನಲ್ಲೇ ಇದೆ, ಆದ್ದರಿಂದ ಸಾಮಾನ್ಯವಾಗಿ ಒಟಿಪಿ ಬರುತ್ತದೆ.

ನೆದರ್‌ಲ್ಯಾಂಡ್ಸಿನ ಚಿಕ್ಕ ಅಂಗಡಿಗಳಲ್ಲಿ ಬೇರೆ ತೊಂದರೆ. ಅವರು 2005ರಲ್ಲಿ ಬಂದ ‘ಐಡೀಲ್’ ಎಂಬ ಬ್ಯಾಂಕ್ ವ್ಯವಸ್ಥೆಯನ್ನೇ ನೆಚ್ಚಿಕೊಂಡಿದ್ದಾರೆ, ಕಾರ್ಡಿನ ಜಾಗವೇ ಪುಟದಲ್ಲಿ ಇರುವುದಿಲ್ಲ. ಅಂಗಡಿಗೆ ಒಂದು ಮೇಲು ಬರೆದು, ಭಾರತದಿಂದ ಹೇಗೆ ಕಟ್ಟಲಿ ಅಂತ ಕೇಳಿ.

‘ರೂಪಾಯಿಯಲ್ಲೇ ಕಟ್ಟಿ’ ಅಂತ ಅವರ ಪುಟವೇ ತೋರಿಸುತ್ತೆ. ಒಪ್ಪಿಕೊಳ್ಳಲಾ?

ಬೇಡ. ಅವರ ನಾಣ್ಯದಲ್ಲೇ ಕಟ್ಟಿ. ರೂಪಾಯಿ ಅಂದ ಕೂಡಲೇ ನಮಗೆ ಮನೆಯದು ಅನ್ನಿಸುತ್ತದೆ, ಆದರೆ ಆ ರೂಪಾಯಿ ದರ ಕಟ್ಟಿದವರು ಅಂಗಡಿಯ ಕಡೆಯವರು, ತಮ್ಮ ಲಾಭ ಇಟ್ಟೇ ಕಟ್ಟಿರುತ್ತಾರೆ. ಅದರ ಮೇಲೆ ನಿಮ್ಮ ಬ್ಯಾಂಕು ಕೂಡ ಇದನ್ನು ಹೊರದೇಶದ ವ್ಯವಹಾರ ಅಂತಲೇ ಎಣಿಸಿ ಶುಲ್ಕ ಹಾಕಬಹುದು.

ಅವರ ನಾಣ್ಯದಲ್ಲಿ ಕಟ್ಟಿದರೂ ನಿಮ್ಮ ಬ್ಯಾಂಕಿನ ‘ಮಾರ್ಕಪ್’, ಅಂದರೆ ನಾಣ್ಯ ಬದಲಾಯಿಸುವ ಹೆಚ್ಚುವರಿ ಶುಲ್ಕ, ಇದ್ದೇ ಇದೆ. 3.5 ಶೇಕಡ ಮಾರ್ಕಪ್ ಇರುವ ಕಾರ್ಡಿನಲ್ಲಿ ಹತ್ತು ಸಾವಿರ ರೂಪಾಯಿಯಷ್ಟು ಖರೀದಿಸಿದರೆ 350 ರೂಪಾಯಿ, ಆ 350ರ ಮೇಲೆ ಶೇಕಡ 18ರ ಜಿಎಸ್‌ಟಿ 63 ರೂಪಾಯಿ, ಒಟ್ಟು 413. ಕಾರ್ಡು ಆರಿಸುವಾಗ ಬಹುಮಾನದ ಪಾಯಿಂಟು ನೋಡುವ ಬದಲು ಈ ಒಂದು ಸಾಲು ನೋಡಿ.

ಬೆಲೆ ‘1.850’ ಯುರೋ ಅಂತ ಇದೆ. ಎರಡು ಯುರೋಗೂ ಕಮ್ಮಿಗೆ ಅಷ್ಟು ಚೆನ್ನಾಗಿರೋ ಸಾಮಾನು ಕೊಡ್ತಾರಾ?

ಅದು ಸಾವಿರದ ಎಂಟುನೂರ ಐವತ್ತು ಯುರೋ. ಜರ್ಮನಿ, ಇಟಲಿ, ಸ್ಪೇನ್ ಕಡೆ ಸಾವಿರ ತೋರಿಸಲು ಚುಕ್ಕೆ, ಪೈಸೆ ತೋರಿಸಲು ಅಲ್ಪವಿರಾಮ. ನಮಗೆ ಪೂರಾ ತಿರುಗು ಮುರುಗು. ಅವರ ‘12,50’ ನಮ್ಮ ಹನ್ನೆರಡೂವರೆ. ಜಪಾನಿನ ಯೆನ್ ಲೆಕ್ಕದಲ್ಲಿ ಪೈಸೆಯೇ ಇಲ್ಲ, ಹಾಗಾಗಿ ಅಲ್ಲಿ ಅಲ್ಪವಿರಾಮ ಕಂಡರೆ ಅದು ಸಾವಿರದ್ದೇ. ಅಮೆರಿಕದವರ ತಾರೀಖಿನಲ್ಲಿ ತಿಂಗಳು ಮೊದಲು: 04/05 ಅಂದರೆ ಏಪ್ರಿಲ್ 5, ಮೇ 4 ಅಲ್ಲ. ಹಣ ಕಟ್ಟುವ ಗಡುವು ಇದರಲ್ಲೇ ತಪ್ಪಿಹೋಗುವುದುಂಟು. ನೀವು ಬರೆಯುವಾಗ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ, ಮೊತ್ತವನ್ನೂ ಅಕ್ಷರದಲ್ಲಿ ಇನ್ನೊಮ್ಮೆ ಬರೆಯಿರಿ. ಲಕ್ಷದ ಕಡೆ ಅಲ್ಪವಿರಾಮ ಹಾಕುವ ನಮ್ಮ ಕ್ರಮ ಅವರಿಗೆ ಅರ್ಥವಾಗುವುದಿಲ್ಲ.

ಜಪಾನಿನವರು ಉತ್ತರ ತುಂಬಾ ಮರ್ಯಾದೆಯಿಂದ ಕೊಡ್ತಾರೆ, ಆದರೆ ಮಾರೋಕೆ ಒಪ್ಪಲ್ಲ. ಏನು ಮಾಡಲಿ?

ನಾನು ಈ ಗೋಡೆಯ ಮುಂದೆ ಬಹಳ ದಿನ ನಿಂತಿದ್ದೇನೆ. ಅವರಿಗೆ ನಮ್ಮ ಮೇಲೆ ಅಪನಂಬಿಕೆ ಅಂತ ಮೊದಲು ನೊಂದುಕೊಂಡೆ. ನಿಜವಾದ ಕಾರಣ ಹಣ ಬರುವ ದಾರಿಯಲ್ಲಿತ್ತು.

ಜಪಾನಿನ ಚಿಕ್ಕ ಅಂಗಡಿಗೆ ಹಣ ಬರುವ ದಾರಿಗಳು ಹೀಗೆ: ಬ್ಯಾಂಕಿನಿಂದ ಬ್ಯಾಂಕಿಗೆ ‘ಫುರಿಕೊಮಿ’, ಅಂಚೆ ಬ್ಯಾಂಕಿನ ವರ್ಗಾವಣೆ, ಬೀದಿ ಮೂಲೆಯ ‘ಕೊಂಬಿನಿ’ ಅಂಗಡಿಯ ಕೌಂಟರಿನಲ್ಲಿ ನಂಬರು ಹೇಳಿ ನಗದು ಕಟ್ಟುವುದು, ಮನೆ ಬಾಗಿಲಿಗೆ ಬಂದವರ ಕೈಗೆ ಹಣ ಕೊಡುವ ‘ದೈಬಿಕಿ’. ಕೊನೆಯದು ನಮ್ಮ ಅಂಚೆಯ ವಿಪಿಪಿಯೇ. ಲಕೋಟೆಯಲ್ಲಿ ನೋಟು ಕಳಿಸುವ ಅಧಿಕೃತ ವ್ಯವಸ್ಥೆಯೂ ಅಲ್ಲಿದೆ. ಅಂಚೆ ಕಚೇರಿಯಲ್ಲೇ ಕೊಳ್ಳಬೇಕಾದ ದಪ್ಪ ಲಕೋಟೆ, ಅಂಟಿಸಿದ ಕಡೆ ಮುದ್ರೆ, ಐದು ಲಕ್ಷ ಯೆನ್‌ವರೆಗೆ ನೋಂದಣಿ. ಅದರ ಹೆಸರು ‘ಗೆಂಕಿನ್ ಕಾಕಿತೊಮೆ’. ಸಾದಾ ಲಕೋಟೆಯಲ್ಲಿ ನೋಟು ಇಡುವುದು ಅಲ್ಲಿಯ ಕಾನೂನಿಗೆ ವಿರುದ್ಧ. ಇವೆಲ್ಲ ದೇಶದೊಳಗೆ ಮಾತ್ರ. ಹೊರಗಿನಿಂದ ಬ್ಯಾಂಕ್ ವರ್ಗಾವಣೆ ಬಂದರೆ ಪಡೆಯುವ ಬ್ಯಾಂಕು ಒಂದೆರಡು ಸಾವಿರ ಯೆನ್ ಹಿಡಿದುಕೊಳ್ಳುವುದುಂಟು. ಮೂರು ಸಾವಿರ ಯೆನ್ನಿನ ನಿಬ್ಬು ಮಾರಿದವರಿಗೆ ಏನು ಉಳಿಯಿತು? ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಸಂಕೋಚ. ‘ಕ್ಷಮಿಸಿ, ನಿಮಗೆ ತೊಂದರೆಯಾಗುತ್ತದೆ’ ಅಂತ ಬರೆದು ನಿಲ್ಲಿಸುತ್ತಾರೆ.

ಇದಕ್ಕೆ ಹೊಂದುವ ದಾರಿ ಮಧ್ಯವರ್ತಿ ಖರೀದಿದಾರರು. ಅವರು ಅಲ್ಲಿಯ ರೂಢಿಯಂತೆ ಹಣ ಕಟ್ಟಿ, ಅಲ್ಲಿಯದೇ ವಿಳಾಸಕ್ಕೆ ಸಾಮಾನು ತರಿಸಿಕೊಂಡು, ನಿಮ್ಮ ಕಾರ್ಡಿನಿಂದ ಹಣ ಪಡೆದು ಇಲ್ಲಿಗೆ ಕಳಿಸುತ್ತಾರೆ. ಅವರ ಕಮಿಷನ್ ಇರುತ್ತದೆ, ಎರಡು ಸಲದ ಸಾಗಣೆ ಇರುತ್ತದೆ. ನಾಲ್ಕೈದು ಸಾಮಾನು ಒಟ್ಟುಗೂಡಿಸಿ ತರಿಸಿದರೆ ಮಾತ್ರ ಲೆಕ್ಕ ಕೂಡುತ್ತದೆ. ಒಂದು ಮಾತು: ನಿಮ್ಮ ಪರವಾಗಿ ಮಧ್ಯವರ್ತಿ ಕೊಂಡ ಮೇಲೆ ‘ಬೇಡ’ ಅನ್ನಬೇಡಿ. ಅಲ್ಲಿ ಆರ್ಡರು ಅಂದರೆ ಕೊಟ್ಟ ಮಾತು.

ಚೀನಾದವರು ‘ಟಿಟಿ 30/70’ ಅಂತಾರೆ. ಹಾಗಂದ್ರೇನು?

ಆರ್ಡರು ಕೊಡುವಾಗ ಶೇಕಡ 30 ಮುಂಗಡ, ಮಾಲು ತಯಾರಾಗಿ ಹಡಗಿಗೋ ವಿಮಾನಕ್ಕೋ ಏರುವ ಮೊದಲು ಉಳಿದ 70. ಟಿಟಿ ಅಂದರೆ ಬ್ಯಾಂಕ್ ವರ್ಗಾವಣೆ, ತಂತಿ ಕಾಲದಿಂದ ಉಳಿದ ಹೆಸರು. ಅಲ್ಲಿಯ ಕಾರ್ಖಾನೆ ವ್ಯಾಪಾರದಲ್ಲಿ ಇದು ಮಾಮೂಲು, ಅದಕ್ಕೆ ಬೇಸರ ಬೇಡ. 70 ಕಟ್ಟುವ ಮೊದಲು ತಯಾರಾದ ಮಾಲಿನ ಫೋಟೊ ಮತ್ತು ವಿಡಿಯೊ ಕೇಳಿ, ಆ ದಿನದ ತಾರೀಖು ಬರೆದ ಚೀಟಿ ಪಕ್ಕದಲ್ಲಿಟ್ಟು ತೆಗೆಯಲು ಹೇಳಿ. ಬೇಜಾರಿಲ್ಲದೆ ಕಳಿಸುತ್ತಾರೆ.

ಕೊಳ್ಳುವವರೂ ಮಾರುವವರೂ ಒಬ್ಬರನ್ನೊಬ್ಬರು ನಂಬದ ಸಮಸ್ಯೆ ಅವರಿಗೂ ಇತ್ತು. 2003ರಲ್ಲಿ ತಾವ್‌ಬಾವ್ ಎಂಬ ಆನ್‌ಲೈನ್ ಮಾರುಕಟ್ಟೆ ಶುರುವಾದಾಗ ಹಣ ಮೊದಲಾ, ಸಾಮಾನು ಮೊದಲಾ ಎಂಬಲ್ಲೇ ವ್ಯಾಪಾರ ನಿಲ್ಲುತ್ತಿತ್ತು. 2004ರಲ್ಲಿ ಬಂದ ಅಲಿಪೇ ಎಂಬ ಪಾವತಿ ವ್ಯವಸ್ಥೆ ಹಣವನ್ನು ನಡುವೆ ಹಿಡಿದಿಟ್ಟು, ಸಾಮಾನು ಸರಿಯಾಗಿ ತಲುಪಿತು ಅಂತ ಕೊಂಡವರು ಹೇಳಿದ ಮೇಲೆ ಬಿಡುಗಡೆ ಮಾಡಿತು. ಅಲ್ಲಿಯ ದೊಡ್ಡ ಸಗಟು ತಾಣಗಳಲ್ಲಿ ನಮಗೂ ಇಂಥ ‘ನಡುವೆ ಹಿಡಿದಿಡುವ’ ವ್ಯವಸ್ಥೆ ಸಿಗುತ್ತದೆ. ಮಾರಾಟಗಾರರು ‘ತಾಣದ ಹೊರಗೆ ಕೊಡಿ, ಸ್ವಲ್ಪ ಬಿಡ್ತೀವಿ’ ಅಂದರೆ ಮೊದಲ ಆರ್ಡರಿನಲ್ಲಿ ಒಪ್ಪಲೇಬೇಡಿ.

ಕೆಲವೊಮ್ಮೆ ಕಂಪನಿಯ ಬದಲು ಯಾರದೋ ಸ್ವಂತ ಹೆಸರಿನ ಖಾತೆ ಕೊಡುತ್ತಾರೆ. ಚೀನಾದಲ್ಲಿ ಒಬ್ಬ ವ್ಯಕ್ತಿ ವರ್ಷಕ್ಕೆ 50,000 ಡಾಲರಿನವರೆಗೆ ಹೆಚ್ಚು ತಾಪತ್ರಯವಿಲ್ಲದೆ ಬದಲಾಯಿಸಿಕೊಳ್ಳಬಹುದು. ಚಿಕ್ಕ ಕಾರ್ಖಾನೆಯವರು ಆ ಅನುಕೂಲ ಬಳಸುತ್ತಾರೆ. ಕಾರಣ ಅರ್ಥವಾಗುತ್ತದೆ, ಆದರೂ ನಿಮಗೆ ಅದು ಸರಿಹೋಗದು. ಪಿಐ ಮೇಲಿನ ಹೆಸರೂ ಖಾತೆಯ ಹೆಸರೂ ಬೇರೆಯಾದರೆ ನಮ್ಮ ಬ್ಯಾಂಕು ಪ್ರಶ್ನೆ ಕೇಳುತ್ತದೆ, ಜಗಳವಾದರೆ ನಿಮ್ಮ ಕೈಯಲ್ಲಿ ಕಾಗದವೂ ಇರುವುದಿಲ್ಲ. ಕಂಪನಿ ಹೆಸರಿನ ಖಾತೆಯನ್ನೇ ಕೇಳಿ.

ಚೀನೀ ಹೊಸವರ್ಷಕ್ಕೆ, ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ, ಕಾರ್ಖಾನೆಗಳು ವಾರಗಟ್ಟಲೆ ಮುಚ್ಚುತ್ತವೆ. ಉತ್ತರ ಬರದಿದ್ದರೆ ಮೋಸ ಹೋದೆವು ಅಂದುಕೊಳ್ಳುವ ಮೊದಲು ಪಂಚಾಂಗ ನೋಡಿ.

ಅಮೆರಿಕದವರು ‘ಚೆಕ್ ಕಳಿಸಿ’ ಅಥವಾ ‘ಜೆಲ್ ಮಾಡಿ’ ಅಂತಾರೆ. ನನ್ನ ಅಕ್ಕನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅವನ ಕೈಲಿ ಕಟ್ಟಿಸಿ, ಇಲ್ಲಿ ಭಾವನಿಗೆ ರೂಪಾಯಿ ಕೊಡಲಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಮ್ಮಲ್ಲಿ ಮನೆಗೊಬ್ಬರು ಹೊರಗಿದ್ದಾರೆ, ಕೇಳಿದರೆ ಇಲ್ಲ ಅನ್ನುವವರಲ್ಲ.

ಅಲ್ಲಿಯ ಕುಶಲಕರ್ಮಿಗಳು, ವಯಸ್ಸಾದ ಮಾರಾಟಗಾರರು ಇಂದಿಗೂ ಕಾಗದದ ಚೆಕ್ಕನ್ನು ಇಷ್ಟಪಡುತ್ತಾರೆ. ಫೋನಿನಲ್ಲೇ ಹಣ ಕಳಿಸುವ ಅಲ್ಲಿಯ ಜೆಲ್, ವೆನ್ಮೊ ಬೇಕೆಂದರೆ ಅಮೆರಿಕದ ಬ್ಯಾಂಕ್ ಖಾತೆಯೇ ಬೇಕು. ನಮ್ಮ ರೂಪಾಯಿ ಚೆಕ್ಕು ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಅಕ್ಕನ ಮಗನ ನೆನಪಾಗುವುದು ಸಹಜ.

ಅವನು ಪ್ರೀತಿಯಿಂದ ಕೊಂಡು, ಊರಿಗೆ ಬರುವಾಗ ತಂದುಕೊಟ್ಟರೆ ಅದು ಉಡುಗೊರೆ. ವಿಮಾನ ನಿಲ್ದಾಣದ ಸುಂಕದ ಮಿತಿಯೊಳಗೆ ಇರಲಿ. ಆದರೆ ಅಲ್ಲಿ ಡಾಲರ್ ಕೊಟ್ಟಿದ್ದಕ್ಕೆ ಬದಲಾಗಿ ಇಲ್ಲಿ ಇನ್ನೊಬ್ಬರ ಕೈಗೆ ರೂಪಾಯಿ ಕೊಡುವುದು ವಿದೇಶಿ ವಿನಿಮಯಕ್ಕೆ ಸಂಬಂಧಿಸಿದ 1999ರ ಫೆಮಾ ಕಾಯಿದೆ ಒಪ್ಪದ ದಾರಿ. ಮೊತ್ತ ಚಿಕ್ಕದು, ಮನೆಯವರೇ ತಾನೆ ಅನ್ನಿಸಬಹುದು. ಬ್ಯಾಂಕಿನ ಮೂಲಕ ಹೋಗದ ಈ ಅದಲು ಬದಲನ್ನು ರೂಢಿ ಮಾಡಿಕೊಳ್ಳಬೇಡಿ, ವ್ಯಾಪಾರಕ್ಕಂತೂ ಬೇಡವೇ ಬೇಡ. ಹುಡುಗನನ್ನೂ ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಮಾರಾಟಗಾರರಿಗೆ ‘ಪೇಪಾಲ್ ಇನ್ವಾಯ್ಸ್ ಕಳಿಸುತ್ತೀರಾ?’ ಅಂತ ಕೇಳಿ, ಅದು ಆನ್‌ಲೈನಿನಲ್ಲಿ ಹಣ ಕಟ್ಟಿಸುವ ಕಂಪನಿ, ಹೆಚ್ಚಿನವರು ಕಳಿಸುತ್ತಾರೆ.

ಪೇಪಾಲ್ ಭಾರತದಲ್ಲಿ ನಿಂತುಹೋಯ್ತಲ್ಲ?

2021ರ ಏಪ್ರಿಲ್ 1ರಿಂದ ನಿಂತದ್ದು ದೇಶದೊಳಗಿನ ಪಾವತಿ ಮಾತ್ರ. ಹೊರದೇಶಕ್ಕೆ ಕಟ್ಟಬಹುದು, ಅದಕ್ಕೆ ಜೋಡಿಸಿದ ನಿಮ್ಮ ಕಾರ್ಡಿನಿಂದ ಹಣ ಹೋಗುತ್ತದೆ. ನಾಣ್ಯ ಬದಲಾಯಿಸುವ ಆಯ್ಕೆಯನ್ನು ಕಾರ್ಡಿನ ಬ್ಯಾಂಕಿಗೆ ಬಿಡಿ, ಪೇಪಾಲಿನ ದರ ದುಬಾರಿ. ಸಾಮಾನು ಬರದಿದ್ದರೆ 180 ದಿನದೊಳಗೆ ದೂರು ಕೊಡಬಹುದು. ಬೇರೆ ದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ‘ಸ್ನೇಹಿತರು ಮತ್ತು ಕುಟುಂಬ’ ಎಂಬ ಬಗೆಯಲ್ಲಿ ಕಳಿಸಿ ಅಂತ ಮಾರಾಟಗಾರರು ಕೇಳಿದರೆ ಒಪ್ಪಬೇಡಿ. ಅದರಲ್ಲಿ ಕೊಂಡವರಿಗೆ ಯಾವ ರಕ್ಷಣೆಯೂ ಇಲ್ಲ.

ಯುಪಿಐ ಈಗ ಎಲ್ಲಾ ದೇಶಕ್ಕೂ ಹೋಗಿದೆಯಂತೆ. ಅದರಲ್ಲೇ ಕಟ್ಟಬಹುದಲ್ಲ?

ಭೂತಾನ್, ನೇಪಾಳ, ಸಿಂಗಪುರ, ಯುಎಇ, ಮಾರಿಷಸ್, ಶ್ರೀಲಂಕಾ ಇಂಥ ಕಡೆ ಪ್ರವಾಸ ಹೋದಾಗ ಕೆಲವು ಅಂಗಡಿಗಳಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಬಹುದು. 2024ರ ಫೆಬ್ರವರಿಯಲ್ಲಿ ಪ್ಯಾರಿಸಿನ ಐಫೆಲ್ ಗೋಪುರದ ಟಿಕೆಟಿಗೂ ಬಂತು. ಅದು ಅಲ್ಲಿ ನಿಂತವರಿಗೆ. ಮನೆಯಲ್ಲಿ ಕೂತು ಹೊರದೇಶದ ಅಂಗಡಿಯಿಂದ ತರಿಸುವವರಿಗೆ ಇದು ಇನ್ನೂ ದೊಡ್ಡ ಸಹಾಯ ಆಗಿಲ್ಲ. 2023ರ ಫೆಬ್ರವರಿ 21ರಂದು ಸಿಂಗಪುರದ ಪಾವತಿ ವ್ಯವಸ್ಥೆಯಾದ ಪೇನೌ ಜೊತೆ ಬೆಸೆದ ದಾರಿಯೂ ಮನೆಯವರ ಖರ್ಚಿಗೆ, ಉಡುಗೊರೆಗೆ ಕಳಿಸಲು ಇರುವಂಥದು, ಖರೀದಿಗಲ್ಲ.

ಹಲವು ದೇಶಗಳು ತಮ್ಮ ಯುಪಿಐಯನ್ನು ತಾವೇ ಕಟ್ಟಿಕೊಂಡಿವೆ: ಕೀನ್ಯಾದ ಎಂ-ಪೆಸಾ 2007ರಿಂದ ಸಾದಾ ಫೋನಿನಲ್ಲೇ ನಡೆಯುತ್ತಿದೆ, ಬ್ರೆಜಿಲ್‌ನ ಪಿಕ್ಸ್ 2020ರ ನವೆಂಬರಿನಲ್ಲಿ ಬಂತು. ಒಳಗಿನವರಿಗೆ ಇವು ಎಷ್ಟು ಸಲೀಸೋ ಹೊರಗಿನಿಂದ ಕೊಳ್ಳುವವರಿಗೆ ಅಷ್ಟೇ ಬಾಗಿಲು ಮುಚ್ಚಿದ ಹಾಗೆ. ನಮ್ಮ ಅಂಗಡಿಗಳೂ ಅವರಿಗೆ ಹಾಗೇ ಕಾಣುತ್ತವೆ.

ರಷ್ಯಾದಿಂದ ತರಿಸಬಹುದಾ?

2022ರ ಮಾರ್ಚಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಅಲ್ಲಿ ಕೆಲಸ ನಿಲ್ಲಿಸಿದವು, ಹಲವು ಬ್ಯಾಂಕುಗಳನ್ನು ಸ್ವಿಫ್ಟ್‌ನಿಂದ ತೆಗೆದರು. ಚಿಕ್ಕ ಖರೀದಿದಾರರು ಸದ್ಯಕ್ಕೆ ಅತ್ತ ಹೋಗದಿರುವುದೇ ಒಳ್ಳೆಯದು.

ಪೆಟ್ಟಿಗೆ ಮೇಲೆ ‘ಗಿಫ್ಟ್’ ಅಂತ, ಬೆಲೆ ಕಮ್ಮಿ ಅಂತ ಬರೆಸಿದರೆ ಸುಂಕ ತಪ್ಪುತ್ತಾ?

ದಯವಿಟ್ಟು ಹಾಗೆ ಕೇಳಬೇಡಿ. ಐದು ಸಾವಿರ ರೂಪಾಯಿವರೆಗಿನ ಉಡುಗೊರೆಗೆ ಇದ್ದ ರಿಯಾಯಿತಿಯನ್ನು 2019ರ ಡಿಸೆಂಬರಿನಲ್ಲೇ ತೆಗೆದುಹಾಕಿದರು. ರಾಖಿ ಮತ್ತು ಜೀವ ಉಳಿಸುವ ಔಷಧಕ್ಕೆ ಮಾತ್ರ ವಿನಾಯಿತಿ ಉಳಿಯಿತು. ಈಗ ‘ಗಿಫ್ಟ್’ ಅಂತ ಬರೆದರೆ ಪೆಟ್ಟಿಗೆ ಸಿಕ್ಕಿಬೀಳುವ ಸಂಭವವೇ ಹೆಚ್ಚು. ಜೊತೆಗೆ ಕಡಿಮೆ ಬೆಲೆ ಬರೆಸಿದ ಸಾಮಾನು ದಾರಿಯಲ್ಲಿ ಕಳೆದುಹೋದರೆ ಪರಿಹಾರವೂ ಆ ಕಡಿಮೆ ಬೆಲೆಗೇ. ಜರ್ಮನಿಯ ಅಂಗಡಿಯವರಿಗೆ ಸುಳ್ಳು ಬೆಲೆ ಬರೆಯಲು ಕೇಳಿದರೆ ಮುಂದಿನ ಸಲ ನಿಮಗೆ ಉತ್ತರವೇ ಬರುವುದಿಲ್ಲ.

ಉಳಿಸುವ ಸರಿಯಾದ ದಾರಿ ಬೇರೆ ಇದೆ. ಅಲ್ಲಿಯ ಬೆಲೆಯಲ್ಲಿ ಅವರ ತೆರಿಗೆ ಸೇರಿರುತ್ತದೆ: ಸಾಮಾನ್ಯವಾಗಿ ಜರ್ಮನಿಯಲ್ಲಿ ಶೇಕಡ 19, ಬ್ರಿಟನ್ನಿನಲ್ಲಿ 20, ಜಪಾನಿನಲ್ಲಿ 10. ದೇಶದ ಹೊರಗೆ ಕಳಿಸುವ ಸಾಮಾನಿಗೆ ಅದನ್ನು ಬಿಡಬಹುದು. ‘ರಫ್ತು ಬೆಲೆ, ನಿಮ್ಮ ತೆರಿಗೆ ಇಲ್ಲದೆ ಎಷ್ಟು?’ ಅಂತ ಕೇಳಿ. ತೀರಾ ಚಿಕ್ಕ ಅಂಗಡಿಯವರು ತೆರಿಗೆಯನ್ನೇ ಹಾಕಿರುವುದಿಲ್ಲ, ಆಗ ಕಡಿಮೆಯಾಗುವುದಿಲ್ಲ, ಒತ್ತಾಯ ಬೇಡ.

ಪುಸ್ತಕಕ್ಕೆ 2019ರ ಜುಲೈ ಬಜೆಟ್ಟಿನಿಂದ ಶೇಕಡ 5ರ ಕಸ್ಟಮ್ಸ್ ಸುಂಕ ಬಂತು, ಉಳಿದ ಎಷ್ಟೋ ಸಾಮಾನಿಗೆ ಅದಕ್ಕಿಂತ ಹೆಚ್ಚು. ಸ್ವಂತ ಬಳಕೆಗಾದರೆ ಆಮದು-ರಫ್ತು ಮಾಡುವವರ ಐಇಸಿ ನಂಬರು ಬೇಡ, ಕೆವೈಸಿ ಸಾಕು. ವ್ಯಾಪಾರಕ್ಕೆ ತರಿಸುವವರು ಪೆಟ್ಟಿಗೆ ಹೊರಡುವ ಮೊದಲೇ ಕೊರಿಯರಿನವರಿಗೆ ಐಇಸಿ ಮತ್ತು ಜಿಎಸ್‌ಟಿ ಸಂಖ್ಯೆ ಕೊಡಿ. ತಡಮಾಡಿದರೆ ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸಿನ ಆಮದು ಕಾಗದ, ನಿಮ್ಮ ಜಿಎಸ್‌ಟಿ ಸಂಖ್ಯೆ ಇಲ್ಲದೆ ಆಗಿಬಿಡುತ್ತದೆ, ಆಮದಿನ ಮೇಲೆ ಕಟ್ಟಿದ ಐಜಿಎಸ್‌ಟಿಯ ಕ್ರೆಡಿಟ್ ಸಿಗುವುದಿಲ್ಲ. ನನ್ನ ಎರಡು ಪೆಟ್ಟಿಗೆಗಳಲ್ಲಿ ಹಾಗೆ ಕಳೆದುಕೊಂಡಿದ್ದೇನೆ.

ಹೊರಗಿನವರು ‘ಭಾರತಕ್ಕೆ ಕಳಿಸಲ್ಲ’ ಅಂತ ಯಾಕೆ ಬರೀತಾರೆ? ಬೇಜಾರಾಗುತ್ತೆ.

ನನಗೂ ಆಗುತ್ತದೆ. ಆದರೆ ಅವರ ಕಡೆಯಿಂದ ನಮ್ಮ ರೂಢಿಗಳೂ ವಿಚಿತ್ರವಾಗೇ ಕಾಣುತ್ತವೆ. ನಾವು 1877ರಿಂದ ವಿಪಿಪಿ ನೋಡಿ ಬೆಳೆದ ಜನ. ಅಂಚೆಯಣ್ಣ ಪುಸ್ತಕದ ಕಟ್ಟು ತಂದು, ಹಣ ಎಣಿಸಿಕೊಂಡು, ಆಮೇಲೆ ಕಟ್ಟು ಕೊಡುತ್ತಿದ್ದ. ಇವತ್ತಿನ ಕ್ಯಾಶ್ ಆನ್ ಡೆಲಿವರಿ ಅದರದೇ ಮುಂದುವರಿಕೆ. ಕೈಗೆ ಬಂದ ಮೇಲೆ ದುಡ್ಡು ಎಂಬುದು ನಮಗೆ ಸಾಮಾನ್ಯ ಎಚ್ಚರಿಕೆ. ಮೊದಲ ಪತ್ರದಲ್ಲೇ ‘ಸಿಒಡಿ ಇದೆಯಾ?’ ಅಂತ ಕೇಳಿದರೆ ಹೊರಗಿನವರಿಗೆ ಇವರು ಹಣ ಕೊಡುವವರಲ್ಲ ಅನ್ನಿಸುತ್ತದೆ. ನಮ್ಮ ಕಾರ್ಡು ಎರಡು ಸಲ ಡಿಕ್ಲೈನ್ ಆದರೆ ಕದ್ದ ಕಾರ್ಡು ಅಂದುಕೊಳ್ಳುತ್ತಾರೆ. ‘ಗಣಪತಿ ದೇವಸ್ಥಾನದ ಹಿಂದೆ, ಹಳೇ ಹಿಟ್ಟಿನ ಗಿರಣಿ ಎದುರು’ ಎಂಬ ವಿಳಾಸ ಅವರ ಕಂಪ್ಯೂಟರಿನ ಎರಡು ಸಾಲಿಗೆ ಹಿಡಿಸುವುದಿಲ್ಲ, ಅರ್ಧಕ್ಕೆ ಕತ್ತರಿಸಿಹೋಗುತ್ತದೆ.

ಹಾಗಾಗಿ ನಾನು ಹೊಸ ಮಾರಾಟಗಾರರಿಗೆ ಮೊದಲು ಒಂದು ಚಿಕ್ಕ ಪತ್ರ ಬರೆಯುತ್ತೇನೆ. ನಾನು ಯಾರು, ಏನು ಮಾಡುತ್ತೇನೆ ಎಂಬುದಕ್ಕೆ ಎರಡು ಸಾಲು. ನಾನು ಮಾಡಿದ ಒಂದು ಪೆನ್ನಿನ ಫೋಟೊ. ‘ನಿಮ್ಮ ಊರಿನಲ್ಲಿ ಹೇಗೆ ಹಣ ಪಡೆಯುವುದು ನಿಮಗೆ ಅನುಕೂಲ? ಅದು ಇಲ್ಲಿಂದ ಆಗದಿದ್ದರೆ ಬೇರೆ ದಾರಿ ಇಬ್ಬರೂ ನೋಡೋಣ’ ಎಂಬ ಮಾತು. ಕಾರ್ಡು ಮೊದಲ ಸಲ ನಿಲ್ಲಬಹುದು, ಅದು ನಮ್ಮ ರಿಸರ್ವ್ ಬ್ಯಾಂಕಿನ ನಿಯಮ, ಒಂದು ದಿನ ಸಮಯ ಕೊಡಿ ಎಂಬ ವಿನಂತಿ. ಕೊನೆಯಲ್ಲಿ ವಿಳಾಸ, ಮೂರೇ ಸಾಲಿನಲ್ಲಿ: ಮನೆ ಸಂಖ್ಯೆ ಮತ್ತು ರಸ್ತೆ, ಬಡಾವಣೆ, ಊರು. ಅದರ ಪಕ್ಕದಲ್ಲಿ ಆರು ಅಂಕಿಯ ಪಿನ್ ಕೋಡು, ಕೆಳಗೆ +91 ಸೇರಿಸಿದ ಮೊಬೈಲು. ದೇವಸ್ಥಾನ, ಗಿರಣಿ ಬೇಡ. ಪಿನ್ ಕೋಡು ಸರಿಯಿದ್ದರೆ ಪೆಟ್ಟಿಗೆ ಬಡಾವಣೆಯ ಅಂಚೆ ಕಚೇರಿಗೆ ಬಂದೇ ಬರುತ್ತದೆ, ಅಲ್ಲಿಂದ ಮುಂದೆ ನಮ್ಮ ಅಂಚೆಯಣ್ಣನಿಗೆ ಮನೆ ಗೊತ್ತು.